ಎರಡೂ ಕೈ ಹಿಟ್ಟಿನಲ್ಲಿದ್ದವು

ನಮ್ಮೂರಿನಲ್ಲಿ ಯಾರೂ ಇನ್ನೊಬ್ಬರ ಬಲಗಡೆ ಕೂರುವುದಿಲ್ಲ. ಮಗು ಅಂಬೆಗಾಲು ಬಿಟ್ಟು ಎದ್ದು ನಿಂತಾಗ ತಾಯಿ ಅದಕ್ಕೆ ಕಲಿಸುವ ಮೊದಲ ಮಾತೇ ಬಲಕ್ಕೆ ಬರಬೇಡ ಎಂಬುದು. ಕೂಸನ್ನು ಎತ್ತಿಕೊಳ್ಳುವುದು ಎಡ ಕಂಕುಳಿಗೆ, ಮದುಮಗಳು ನಿಲ್ಲುವುದು ಗಂಡನ ಎಡಕ್ಕೆ ಒಂದು ಹೆಜ್ಜೆ ಹಿಂದೆ, ಹೆಣಕ್ಕೆ ಹೆಗಲು ಕೊಡುವವರೂ ಲೆಕ್ಕ ಹಾಕಿಯೇ ಕೊಡುತ್ತಾರೆ. ನಳದ ಮುಂದೆ ಸಾಲು ನಿಂತರೆ ಒಬ್ಬರ ಹಿಂದೆ ಒಬ್ಬರು ನೆಟ್ಟಗೆ ನಿಲ್ಲದೆ ಗಾಳಿಗೆ ಬಾಗಿದ ಜೋಳದ ಪೈರಿನ ಹಾಗೆ ಓರೆಯಾಗಿ ನಿಲ್ಲುತ್ತೇವೆ. ನಾಯಿಗಳು ಕೂಡ ಎಡಗಡೆಗೇ ಬಂದು ಬಾಲ ಅಲ್ಲಾಡಿಸುತ್ತವೆ. ಯಾಕೆಂದರೆ ಹದಿನೆಂಟು ತುಂಬಿದ ಪ್ರತಿಯೊಬ್ಬರ ಬಲಸೊಂಟದಲ್ಲಿ ಪಿಸ್ತೂಲು ಇರುತ್ತದೆ, ಮಲಗುವಾಗ ಬಿಟ್ಟರೆ ಅದನ್ನು ಬಿಚ್ಚುವಂತಿಲ್ಲ. ಅದು ಯಾವ ಶತ್ರುವಿಗಾಗಿ ಎಂಬುದು ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಶತ್ರು ಅನ್ನುವವನು ಯಾವತ್ತಾದರೂ ಬಂದಿದ್ದರೆ ಊಟಕ್ಕೆ ನಮ್ಮ ಖಾನಾವಳಿಗೇ ಬರಬೇಕಿತ್ತು, ಊರಿನಲ್ಲಿರುವುದು ಇದೊಂದೇ. ಹರೆಯದಿಂದ ಇಲ್ಲಿ ಬಡಿಸುತ್ತ ಬಂದಿದ್ದೇನೆ. ಅಂಥವನು ಯಾರೂ ಬಂದಿಲ್ಲ.

ನನ್ನ ಹೆಸರು ನೀಲಗಂಗವ್ವ. ಗಂಡ ತೀರಿಕೊಂಡ ಮೇಲೆ ಖಾನಾವಳಿಯನ್ನು ನಾನೂ ನನ್ನ ಮಗ ಕಲ್ಮೇಶನೂ ನಡೆಸಿಕೊಂಡು ಬಂದೆವು. ಅವನ ಮದುವೆಯಾದ ಮೇಲೆ ಸೊಸೆ ದಾಕ್ಷಾಯಣಿ ಒಲೆಯ ಮುಂದೆ ಕೂತಳು. ರೊಟ್ಟಿ ಬಡಿಯುವುದರಲ್ಲಿ ನಾನು ಅವಳ ಕಾಲ ಧೂಳಿಗೂ ಸಮನಲ್ಲ. ಅವಳು ಬಡಿಯುವ ಸದ್ದು ಓಣಿಯ ಮೂಲೆಯವರೆಗೆ ಕೇಳುತ್ತಿತ್ತು. ಮನೆಯಲ್ಲಿ ಉಂಡು ಹೊರಟವರೂ ಆ ಸದ್ದಿಗೆ ಒಳಗೆ ಬಂದು ಇನ್ನೊಂದು ರೊಟ್ಟಿ ತಿಂದು ಹೋಗುತ್ತಿದ್ದರು. ಕಲ್ಮೇಶ ಬಾಯಿಬಡುಕ. ಯಾರಿಗೆ ಬದನೆಕಾಯಿ ಆಗುವುದಿಲ್ಲ, ಯಾರ ಹಲ್ಲು ಅಲ್ಲಾಡುತ್ತಿದೆ, ಯಾರು ಹೆಂಡತಿಯೊಂದಿಗೆ ಜಗಳಾಡಿ ಹಸಿದು ಬಂದಿದ್ದಾರೆ ಎಲ್ಲ ಅವನಿಗೆ ಗೊತ್ತಿತ್ತು. ಜಗಳಾಡಿ ಬಂದವರ ತಾಟಿಗೆ ಕೇಳದೆಯೇ ಎರಡು ಸಲ ಶೇಂಗಾ ಚಟ್ನಿ ಹಾಕುತ್ತಿದ್ದ. ಗಂಡಹೆಂಡಿರು ಉಪ್ಪಿನ ವಿಷಯಕ್ಕೆ ದಿನವೂ ಕಚ್ಚಾಡುತ್ತಿದ್ದರು. ಸಾರಿನ ರುಚಿ ನೋಡಿ ಅವನು ಮುಖ ಸಿಂಡರಿಸುವುದು, ಅವಳು ಸೌಟು ತೋರಿಸುವುದು, ಅದನ್ನು ನೋಡಿ ಊಟಕ್ಕೆ ಕೂತವರು ನಗುವುದು, ಇದೆಲ್ಲ ನಮ್ಮಲ್ಲಿ ಊಟದ ಜೊತೆಗೇ ಸಿಗುತ್ತಿತ್ತು.

ಇನ್ನು ಕೈಕಟ್ಟಿನ ಮಾತು. ಯಾರದಾದರೂ ಪಿಸ್ತೂಲು ವಿನಾಕಾರಣ ಹಾರಿದರೆ ಅವರ ಬಲಗೈಯನ್ನು ಕರಿ ಬಟ್ಟೆಯಿಂದ ಎದೆಗೆ ಕಟ್ಟುತ್ತಾರೆ. ಗುಂಡು ಯಾರಿಗೂ ತಾಗದಿದ್ದರೆ ಒಂದು ವರ್ಷ, ತಾಗಿ ಗಾಯವಾದರೆ ಮೂರು ವರ್ಷ, ಯಾರಾದರೂ ಸತ್ತರೆ ಕಟ್ಟಿಸಿಕೊಂಡವರು ಸಾಯುವ ತನಕ. ಕಟ್ಟಬೇಕಾದವರು ಗಾಯಗೊಂಡವರೇ, ಇಲ್ಲವೆ ಸತ್ತವರ ಹತ್ತಿರದ ರಕ್ತಸಂಬಂಧಿ, ಅಂಥವರು ಇಲ್ಲದಿದ್ದರೆ ಚಾವಡಿಯ ಕಾರಕೂನ. ಸಂತೆಯ ದಿನ, ಚಾವಡಿಯ ಕಟ್ಟೆಯ ಮೇಲೆ, ಎಲ್ಲರ ಮುಂದೆ. ಕೈ ಕಟ್ಟಿಸಿಕೊಂಡವರು ಎಡಗೈಯಲ್ಲಿ ಉಣ್ಣಬೇಕು. ಹೀಗಾಗಿ ಅವರಿಗೆ ಪಂಕ್ತಿಯಲ್ಲಿ ಜಾಗವಿಲ್ಲ, ಹಿಂದಿನ ಗೋಡೆಯ ಕಡೆಗೆ ಮುಖ ಮಾಡಿ ಕೂರುತ್ತಾರೆ. ಆರತಿ ಎತ್ತುವಂತಿಲ್ಲ, ಅಕ್ಷತೆ ಹಾಕುವಂತಿಲ್ಲ, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುವಂತಿಲ್ಲ. ಚಾವಡಿಯ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದಾರೆ: ಬೆರಳಿಲ್ಲದೆ ಗುಂಡಿಲ್ಲ. ಶಾಲೆಯಲ್ಲಿ ಮಕ್ಕಳು ಮಗ್ಗಿಗಿಂತ ಮೊದಲು ಇದನ್ನು ಬಾಯಿಪಾಠ ಮಾಡುತ್ತವೆ.

ಹಳೆಯ ಪಿಸ್ತೂಲಿದ್ದಾಗ ಕೈ ಕಟ್ಟಿಸಿಕೊಂಡವರು ಊರಿಗೆಲ್ಲ ಒಬ್ಬರೋ ಇಬ್ಬರೋ ಇರುತ್ತಿದ್ದರು. ಅದು ಭಾರದ ಸಾಮಾನು. ಅದರ ಕುತ್ತಿಗೆಯ ಹತ್ತಿರ ಒಂದು ಚಿಲಕ, ಅದನ್ನು ಸರಿಸದೆ ಗುಂಡು ಹಾರುತ್ತಿರಲಿಲ್ಲ, ಹೆಬ್ಬೆರಳಿನಿಂದ ಒತ್ತಿ ಸರಿಸುವಷ್ಟರಲ್ಲಿ ಉಗುರು ಕಿತ್ತು ಬರುತ್ತಿತ್ತು. ಹೊತ್ತು ಹೊತ್ತು ಹೆಂಗಸರ ಸೊಂಟ ಕಪ್ಪುಗಟ್ಟುತ್ತಿತ್ತು. ಆಮೇಲೆ ಪಂಚರು ಹೊಸದನ್ನು ತರಿಸಿದರು. ತೆಳ್ಳಗೆ, ಸಣ್ಣಗೆ, ಚಿಲಕವೇ ಇಲ್ಲದ್ದು. ಜನ ಅದಕ್ಕೆ ಹಗುರಿ ಎಂದು ಹೆಸರಿಟ್ಟರು. ಹಗುರಿ ಬಂದ ವರ್ಷವೇ ಸದ್ದುಗಳು ಶುರುವಾದವು. ಟಪಾಲಿನವನು ಸೈಕಲ್ಲಿನಿಂದ ಇಳಿಯುವಾಗ ಅವನ ಪಿಸ್ತೂಲು ಹಾರಿ ಸ್ವಂತ ಪಾದ ತೂತಾಯಿತು. ಮದುವೆಯ ಪಂಕ್ತಿಯಲ್ಲಿ ಮುದುಕನೊಬ್ಬ ಸೀನಿದ್ದಕ್ಕೆ ಹಾರಿ ಪಾಯಸದ ಕೊಪ್ಪರಿಗೆ ಒಡೆಯಿತು. ದರ್ಜಿ ಮೀರಾಸಾಬ ಬಿದ್ದ ಸೂಜಿ ಎತ್ತಿಕೊಳ್ಳಲು ಬಗ್ಗಿದ, ಅವನದು ಹಾರಿ ಹೊಸ್ತಿಲ ಕಲ್ಲು ಸೀಳಿತು. ಎಲ್ಲರೂ ಹೇಳಿದ್ದು ಒಂದೇ ಮಾತು, ನಾನು ಮುಟ್ಟಿಲ್ಲ ಎಂದು. ಎಲ್ಲರಿಗೂ ಸಿಕ್ಕ ಉತ್ತರವೂ ಒಂದೇ, ಗೋಡೆಯ ಮೇಲಿನದು. ಊಟದ ಹೊತ್ತಿಗೆ ನಮ್ಮ ಖಾನಾವಳಿಯಲ್ಲಿ ಹಿಂದಿನ ಗೋಡೆಗೆ ಮುಖ ಮಾಡಿ ಕೂರುವವರ ಸಾಲು ಮುಂದಿನ ಪಂಕ್ತಿಗಿಂತ ಉದ್ದವಾಯಿತು. ಮೀರಾಸಾಬ ಎಡಗೈಯಲ್ಲಿ ರೊಟ್ಟಿ ಮುರಿಯಲಾರದೆ ಒದ್ದಾಡುವುದನ್ನು ನೋಡಿ ಕಲ್ಮೇಶ ಸುಮ್ಮನೆ ಹೋಗಿ ಮುರಿದು ಸಾರಿನಲ್ಲಿ ನೆನೆಸಿಟ್ಟು ಬರುತ್ತಿದ್ದ. ಮೀರಾಸಾಬನಿಗೆ ಒಂದು ವಿಚಿತ್ರ ಗತಿ ಬಂದಿತ್ತು. ಮೊದಲ ತಿಂಗಳು ಅಲ್ಲಾನಾಣೆ ಮುಟ್ಟಿಲ್ಲ ಅನ್ನುತ್ತಿದ್ದ. ಮಳೆಗಾಲ ಬರುವಷ್ಟರಲ್ಲಿ, ಮುಟ್ಟಿದ್ದರೂ ಮುಟ್ಟಿರಬಹುದು ಅನ್ನತೊಡಗಿದ. ಊರೆಲ್ಲ ಸೇರಿ ಹೇಳಿದರೆ ಮನುಷ್ಯನಿಗೆ ತನ್ನ ಬೆರಳ ಮೇಲೂ ನಂಬಿಕೆ ಹೋಗಿಬಿಡುತ್ತದೆ.

ಅದು ಒಂದು ಮಂಗಳವಾರ, ಮಧ್ಯಾಹ್ನದ ಗದ್ದಲದ ಹೊತ್ತು. ನಮ್ಮ ಅಡುಗೆಮನೆ ಇಕ್ಕಟ್ಟು, ಎಡಕ್ಕೆ ಒಲೆ, ಬಲಕ್ಕೆ ಗೋಡೆ, ರೊಟ್ಟಿ ಬುಟ್ಟಿಯನ್ನು ಬಲಗಡೆಯೇ ಇಡಬೇಕು. ಮಣೆಯ ಮೇಲೆ ಕೂತರೆ ಸೊಂಟದ ಪಿಸ್ತೂಲು ನೆಲ ನೋಡುವುದಿಲ್ಲ, ಅಡ್ಡ ಮಲಗುತ್ತದೆ. ದಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದಳು. ನಾನು ಅವಳ ಎದುರಿಗೆ ನಿಂತು ಬೇಳೆಗೆ ಒಗ್ಗರಣೆ ಹಾಕುತ್ತಿದ್ದೆ. ಕಲ್ಮೇಶ ಹೊರಗಿನಿಂದ ಬಂದು ಬುಟ್ಟಿ ಎತ್ತಲು ಬಗ್ಗಿದ. ಎಷ್ಟು ಹೊತ್ತಾತು ಮಾರಾಯ್ತಿ, ಮಂದಿ ತಾಟು ಕಡೀಲಿಕ್ಕೆ ಹತ್ಯಾರ ಎಂದ. ಅವಳು ಅವನ ಕಡೆ ನೋಡಲೂ ಇಲ್ಲ, ಕೈ ನಿಲ್ಲಿಸಲೂ ಇಲ್ಲ. ಬಲಗೈ ಬಡಿಯುತ್ತಿತ್ತು, ಎಡಗೈ ತಿರುಗಿಸುತ್ತಿತ್ತು. ಎರಡೂ ಕೈ ಮಣಿಕಟ್ಟಿನ ತನಕ ಹಿಟ್ಟಿನಲ್ಲಿದ್ದವು. ನಾನು ಕಣ್ಣಾರೆ ನೋಡುತ್ತಿದ್ದೆ. ಆಗ ಅವಳ ಸೊಂಟದಲ್ಲಿ ಸದ್ದಾಯಿತು.

ಕಲ್ಮೇಶ ಬುಟ್ಟಿ ಹಿಡಿದುಕೊಂಡೇ ಮೆಲ್ಲಗೆ ಗೋಡೆಗೆ ಒರಗಿ ಕೂತ. ಏನೋ ಮರೆತದ್ದು ನೆನಪಾದವನ ಹಾಗೆ ನನ್ನ ಮುಖ ನೋಡಿದ. ಅವನ ಅಂಗಿ ಪಕ್ಕೆಯ ಹತ್ತಿರ ಒದ್ದೆಯಾಗುತ್ತ ಹೋಯಿತು. ದಾಕ್ಷಾಯಣಿ ಹಿಟ್ಟಿನ ಕೈಯಲ್ಲೇ ಅದನ್ನು ಒತ್ತಿ ಹಿಡಿದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯೆದ್ದರೂ ಯಾರೂ ಅದನ್ನು ತಿರುವಲಿಲ್ಲ. ಡಾಕ್ಟರು ಬರುವ ಮೊದಲೇ ನನ್ನ ಮಗ ಹೋಗಿಬಿಟ್ಟಿದ್ದ.

ಚಾವಡಿಯಿಂದ ಬಂದವರಿಗೆ ನಾನು ಪಿಸ್ತೂಲು ತೋರಿಸಿದೆ. ಅದು ಚರ್ಮದ ಒರೆಯೊಳಗೇ ಇತ್ತು, ಒರೆಯ ಗುಂಡಿ ಹಾಕಿದ ಹಾಗೇ ಇತ್ತು, ಅದರ ಮೇಲೆ ಹಿಟ್ಟಿನ ಒಂದು ಕಣ ಇರಲಿಲ್ಲ. ಅವಳ ಕೈ ನೋಡಿರಿ, ಇದನ್ನು ನೋಡಿರಿ ಎಂದೆ. ಅವರು ನೋಡಿದರು. ಆಮೇಲೆ ಒರೆಸಿರಬಹುದು ಎಂದ ಅವರಲ್ಲೊಬ್ಬ. ಗಂಡ ಉಸಿರು ಬಿಡುವ ಹೊತ್ತಿನಲ್ಲಿ ಹೆಂಡತಿ ಪಿಸ್ತೂಲು ಒರೆಸುತ್ತ ಕೂತಿದ್ದಳು ಎಂದು ಆ ಮನುಷ್ಯ ನನ್ನ ಮುಖಕ್ಕೆ ಹೇಳಿದ. ಇನ್ನೊಬ್ಬ, ಹುಡುಗ ಬಲಗಡೆ ಯಾಕೆ ಹೋಗಿದ್ದ ಎಂದು ಕೇಳಿದ. ನನಗೆ ಅಳು ಬರಲಿಲ್ಲ. ಮಗನನ್ನು ಮಣ್ಣು ಮಾಡಿ ಬಂದ ಮೇಲೂ ಬರಲಿಲ್ಲ. ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದು ಹೋದ ಹಾಗಿತ್ತು, ಅದರ ಮುಂದೆ ಅಳು ಹತ್ತಿರ ಸುಳಿಯಲೇ ಇಲ್ಲ.

ಮಾತಾಡಿಸಲು ಬಂದವರ ಮಾತು ಆ ಕೆಂಡಕ್ಕೆ ಗಾಳಿ ಹಾಕುತ್ತಿತ್ತು. ನನ್ನನ್ನು ತಬ್ಬಿಕೊಂಡು ಅತ್ತವರು ಹೊರಗೆ ಅಂಗಳದಲ್ಲಿ, ಉಪ್ಪಿನ ಜಗಳ ದಿನಾ ನಡೆಯುತ್ತಿತ್ತಲ್ಲ ಎಂದು ಪಿಸುಗುಟ್ಟುತ್ತಿದ್ದರು. ನನ್ನ ಮೈದುನ ಬಂದು, ದಿನಕರ್ಮ ಮುಗಿದ ಮೇಲಿನ ಸಂತೆಗೆ ನೀನೇ ಅವಳ ಕೈ ಕಟ್ಟಬೇಕು, ಆಮೇಲೆ ತವರಿಗೆ ಕಳಿಸಿಬಿಡು, ಊರ ರೀತಿ ಬಿಡಲಾಗದು ಎಂದ. ಕಟ್ಟದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಈವರೆಗೆ ಯಾರೂ ಕಟ್ಟದೆ ಉಳಿದಿಲ್ಲ, ಹಾಗಾಗಿ ಅವನಿಗೂ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಸುಟ್ಟವಳು ದಾಕ್ಷಾಯಣಿಯೇ. ಅವಳು ಒಲೆಯ ಹತ್ತಿರ ಹೋಗುವುದನ್ನು ಬಿಟ್ಟಿದ್ದಳು. ಮೂಲೆಯಲ್ಲಿ ಕೂತು ತನ್ನ ಬಲಗೈಯ ತೋರುಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಬೇರೆ ಯಾರದೋ ಬೆರಳು ತನಗೆ ಅಂಟಿಕೊಂಡಿದೆ ಅನ್ನುವ ಹಾಗೆ. ಒಂದು ದಿನ ಗಂಜಿ ಕೊಡಲು ಹೋದಾಗ ಮೆಲ್ಲಗೆ ಮಾತಾಡಿದಳು.

“ಅತ್ತಿ, ಸಂತಿ ದಿನ ಲಗೂನ ಕಟ್ಟಿಬಿಡ್ರಿ. ಬಿಗೀ ಕಟ್ರಿ. ಕಟ್ಟಿದ್ರ ನನಗ ನಿದ್ದಿ ಬರ್ತೈತಿ.”

“ನೀ ಮುಟ್ಟಿದ್ಯೇನ?” ಎಂದು ಕೇಳಿದೆ.

“ಇಲ್ಲ ಅನಸ್ತೈತ್ರಿ. ಆದ್ರ ಸೊಂಟ ನಂದ, ಗುಂಡು ನಂದ. ಇಷ್ಟ ಮಂದಿ ಸುಳ್ಳ ಹೇಳ್ತಾರೇನ್ರಿ?”

ನಾನು ಗಂಜಿಯ ಬಟ್ಟಲು ಅಲ್ಲಿಯೇ ಇಟ್ಟು ಎದ್ದುಬಂದೆ. ಇನ್ನೊಂದು ಕ್ಷಣ ಕೂತಿದ್ದರೆ ಆ ಬಟ್ಟಲನ್ನು ಗೋಡೆಗೆ ಒಗೆಯುತ್ತಿದ್ದೆ. ನನ್ನ ಮಗನನ್ನು ಕೊಂದದ್ದು ಸಾಲದೆ, ಈಗ ಇವಳ ಕೈಯಿಂದಲೇ ಇವಳ ಕುತ್ತಿಗೆ ಹಿಸುಕಿಸುತ್ತಿದ್ದಾರೆ. ಅದೇ ಸಂಜೆ ಹಿರಿಯ ಪಂಚ ವೀರಭದ್ರಪ್ಪನವರ ಮನೆಗೆ ಹೋದೆ.

ಅವರು ಕೆಟ್ಟವರಂತೆ ಮಾತಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಬಾಗಿಲಿಗೇ ಬಂದು ಕರೆದುಕೊಂಡರು, ಮಜ್ಜಿಗೆ ತರಿಸಿದರು, ಕಲ್ಮೇಶ ತಮ್ಮ ಮಗಳ ಮದುವೆಯಲ್ಲಿ ಬಡಿಸಿದ್ದನ್ನು ನೆನೆದು ಕಣ್ಣೊರೆಸಿಕೊಂಡರು. ನಾನು ನೋಡಿದ್ದನ್ನೆಲ್ಲ ಹೇಳಿದೆ. ಒರೆ, ಗುಂಡಿ, ಹಿಟ್ಟು. ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ, ನಾನು ಸುಳ್ಳು ಹೇಳುತ್ತಿದ್ದೇನೆ ಎನ್ನಲೂ ಇಲ್ಲ. ಕೊನೆಗೆ ಧ್ವನಿ ತಗ್ಗಿಸಿ ಒಂದು ಮಾತು ಹೇಳಿದರು.

“ನೀಲಗಂಗವ್ವ, ಒಂದು ಪಿಸ್ತೂಲ ತಾನ ಹಾರ್ತು ಅಂತ ಒಪ್ಪಿಕೊಂಡ್ರ ಎಲ್ಲಾ ಹಂಗ ಆಗ್ತಾವ. ಕೈ ಕಟ್ಟಿದ ಅಷ್ಟೂ ಮಂದಿಗೆ ಏನ ಹೇಳೂಣು ನೀನ ಹೇಳು? ಅವರ ಕೈ ಸುಮ್ಮ ಕಟ್ಟಿದ್ವಿ ಅನ್ನೂಣೇನು?”

“ಅನ್ರಿ” ಎಂದೆ.

ಅವರು ಮಜ್ಜಿಗೆ ಕುಡಿ ಎಂದರು. ಅವರಿಗೆ ಗೊತ್ತಿತ್ತು. ನನಗಿಂತ ಮೊದಲೇ, ಬಹುಶಃ ಟಪಾಲಿನವನ ಪಾದ ತೂತಾದ ದಿನದಿಂದಲೇ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿಸುತ್ತ ಬಂದಿದ್ದರು. ಮಜ್ಜಿಗೆಯನ್ನು ಅವರ ಅಂಗಳದ ತುಳಸಿಗೆ ಸುರಿದು ಮನೆಗೆ ಬಂದೆ.

ಸಂತೆಯ ದಿನ ಚಾವಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಗ ಸತ್ತ ತಾಯಿ ಸೊಸೆಯ ಕೈ ಕಟ್ಟುವುದನ್ನು ನೋಡಲು ಮೆಣಸಿನಕಾಯಿ ಮಾರುವವರು ಚೀಲ ಮುಚ್ಚಿ ಬಂದಿದ್ದರು. ಕೈ ಕಟ್ಟಿಸಿಕೊಂಡ ಹಳಬರು ಎಂದಿನಂತೆ ಕಟ್ಟೆಯ ಕೆಳಗೆ ಒಂದು ಪಕ್ಕ ನಿಂತಿದ್ದರು, ಅದೂ ರೀತಿಯೇ. ಮೀರಾಸಾಬ ಅವರ ನಡುವೆ ತಲೆ ತಗ್ಗಿಸಿದ್ದ. ಕಟ್ಟೆಯ ಮೇಲೆ ಉದ್ದನೆಯ ಮೇಜು, ಅದರ ಆಚೆ ಐದು ಕುರ್ಚಿಗಳಲ್ಲಿ ಐವರು ಪಂಚರು, ನಡುವೆ ವೀರಭದ್ರಪ್ಪನವರು. ಅವರ ಬೆನ್ನ ಹಿಂದೆ ಗೋಡೆಯ ಮೇಲಿನ ಬರಹ. ಹಾರಿದ ಪಿಸ್ತೂಲನ್ನು ಕಟ್ಟಿಕೊಂಡೇ ಬರಬೇಕು ಎಂಬ ರೀತಿಯಿದ್ದದ್ದರಿಂದ ಚಾವಡಿಯವರು ಅದರಲ್ಲಿ ಮತ್ತೆ ಗುಂಡು ತುಂಬಿ ಹಿಂದಿನ ದಿನ ತಂದುಕೊಟ್ಟಿದ್ದರು. ದಾಕ್ಷಾಯಣಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಯಾರೂ ಹೇಳುವ ಮೊದಲೇ ಬಲಗೈಯನ್ನು ಎದೆಗೆ ಒತ್ತಿಕೊಂಡು ನಿಂತಳು. ಕಾರಕೂನ ಗುರುಪಾದ ನನ್ನ ಕೈಗೆ ಕರಿ ಬಟ್ಟೆ ಕೊಟ್ಟ.

ನಾನು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಸೊಸೆಯ ಸೊಂಟದ ಪಟ್ಟಿ ಬಿಚ್ಚಿದೆ. ಜನ ಗುಜುಗುಜು ಅಂದರು, ಹಗಲಿನಲ್ಲಿ ಹೊರಗೆ ಪಟ್ಟಿ ಬಿಚ್ಚಿದ್ದನ್ನು ಅವರು ಕಂಡೇ ಇರಲಿಲ್ಲ. ಪಿಸ್ತೂಲನ್ನು ಒರೆಯ ಸಮೇತ ತಂದು ಮೇಜಿನ ಮೇಲೆ ಇಟ್ಟೆ. ಒರೆಯ ಗುಂಡಿ ಹಾಕಿಯೇ ಇತ್ತು. ಪಿಸ್ತೂಲಿನ ನಳಿಗೆ ವೀರಭದ್ರಪ್ಪನವರ ಹೊಟ್ಟೆಯ ಕಡೆಗಿತ್ತು.

“ಇದಕ್ಕ ನಾ ಬೆರಳ ಹಚ್ಚೂದಿಲ್ಲ” ಎಂದೆ. “ಯಾರೂ ಹಚ್ಚಬ್ಯಾಡ್ರಿ. ನಿಮ್ಮ ಗ್ವಾಡಿ ಮ್ಯಾಲಿನ ಮಾತು ಖರೇ ಇದ್ರ ಇದು ಬರೇ ಕಬ್ಬಿಣ. ಇದರ ಮುಂದ ಸುಮ್ಮ ಕುಂಡ್ರಿ. ನೀವು ಕುಂತ್ರ ನಾನ ನನ್ನ ಸೊಸಿ ಕೈ ಕಟ್ತೀನಿ, ಸಾಯೂತನಕ ಬಿಚ್ಚೂದಿಲ್ಲ.”

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೀರಭದ್ರಪ್ಪನವರು ನಕ್ಕ ಹಾಗೆ ಮಾಡಿ, ಆಗಲಿ, ಕೂತಿದ್ದೇವೆ, ಈಗ ಕಟ್ಟು ಎಂದರು.

“ನನ್ನ ಸೊಸಿ ಸುಮ್ಮ ಕುಂತಿರಲಿಲ್ರಿ” ಎಂದೆ. “ರೊಟ್ಟಿ ಬಡೀತಿದ್ಲು.”

ಹಾಗೆಂದು ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟು ರೊಟ್ಟಿ ಬಡಿಯುವ ಹಾಗೆ ಬಡಿಯತೊಡಗಿದೆ. ಬಲಗೈ ಬಡಿಯುವುದು, ಎಡಗೈ ತಿರುಗಿಸುವುದು. ಹಲಗೆ ಅದುರಿತು. ಪಿಸ್ತೂಲು ಸಣ್ಣಗೆ ಕುಣಿಯುತ್ತ ಅರ್ಧ ಗೇಣು ಮುಂದೆ ಸರಿಯಿತು. ನನಗಾಗ ಹೆದರಿಕೆ ಇರಲಿಲ್ಲ. ಅದು ಹಾರಿದರೂ ಸರಿ, ಹಾರದಿದ್ದರೂ ಸರಿ, ಇವರ ಮುಖ ನೋಡಬೇಕಿತ್ತು ನನಗೆ. ನನ್ನ ಮಗ ಬುಟ್ಟಿಗೆ ಬಗ್ಗಿದಾಗ ಅವನಿಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತಿದೆಯೋ ಇಲ್ಲವೋ, ಅದನ್ನು ಊರು ನೋಡಬೇಕಿತ್ತು.

ಮೊದಲು ತುದಿಯ ಕುರ್ಚಿಯವನು ಕೆಮ್ಮುವ ನೆಪ ಮಾಡಿ ಎದ್ದ. ಅವನ ಪಕ್ಕದವನು ಕುರ್ಚಿಯನ್ನು ಕೆರೆಯುತ್ತ ಹಿಂದಕ್ಕೆ ಸರಿಸಿದ. ಇನ್ನಿಬ್ಬರು ಒಟ್ಟಿಗೇ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತರು. ವೀರಭದ್ರಪ್ಪನವರು ಮೇಜಿನ ಅಂಚು ಹಿಡಿದುಕೊಂಡು ಕೂತೇ ಇದ್ದರು. ಅವರ ಹಣೆಯಿಂದ ಬೆವರು ಇಳಿದು ವಿಭೂತಿಯನ್ನು ಕರಗಿಸುತ್ತಿತ್ತು. ನಾನು ಇನ್ನೂ ಜೋರಾಗಿ ಬಡಿದೆ. ಪಿಸ್ತೂಲು ಇನ್ನೊಂದು ಗೇಣು ಸರಿಯಿತು. ಅವರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿಬಿತ್ತು.

ನಾನು ಬಡಿಯುವುದನ್ನು ನಿಲ್ಲಿಸಿದೆ.

“ಯಾಕ ಎದ್ರಿ?” ಎಂದು ಕೇಳಿದೆ.

ಆಗ ಕಟ್ಟೆಯ ಕೆಳಗಿನಿಂದ ಬಟ್ಟೆ ಹರಿಯುವ ಸದ್ದು ಕೇಳಿತು. ಮೀರಾಸಾಬ ಹೆಗಲ ಮೇಲಿನ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ. ಬಿಚ್ಚಲು ಬರದಿದ್ದಾಗ ಹರಿದೇಬಿಟ್ಟ. ಒಣಗಿದ ಕೊಂಬೆಯಂತಾಗಿದ್ದ ಅವನ ಬಲಗೈ ಕೆಳಕ್ಕೆ ಜೋತುಬಿತ್ತು. ಅದನ್ನು ಎಡಗೈಯಲ್ಲಿ ಹಿಡಿದೆತ್ತಿ ಪಂಚರಿಗೆ ತೋರಿಸಿದ. ಟಪಾಲಿನವನೂ ಬಿಚ್ಚಿದ. ಇನ್ನಷ್ಟು ಜನ ಬಿಚ್ಚಿದರು. ಎಲ್ಲರೂ ಅಲ್ಲ. ಒಬ್ಬ ಹೆಂಗಸು ಅರ್ಧ ಬಿಚ್ಚಿದ್ದನ್ನು ಗಂಡನ ಮುಖ ನೋಡಿ ಮತ್ತೆ ಸುತ್ತಿಕೊಂಡಳು. ಪಾಯಸದ ಮುದುಕ, ಇಷ್ಟು ದಿನ ಅನುಭವಿಸಿದ ಮೇಲೆ ಈಗ ಸುಮ್ಮನೆ ಅನುಭವಿಸಿದೆ ಎಂದು ತಿಳಿದುಕೊಂಡು ಏನು ಮಾಡಲಿ ಎಂದು ನನ್ನ ಮೇಲೆಯೇ ರೇಗಿ ಹೊರಟುಹೋದ. ನಾನು ಕರಿ ಬಟ್ಟೆಯನ್ನು ಮೇಜಿನ ಮೇಲೆ ಬಿಟ್ಟು, ಎದೆಗೆ ಒತ್ತಿಕೊಂಡಿದ್ದ ಸೊಸೆಯ ಕೈ ಎಳೆದು ಹಿಡಿದುಕೊಂಡು ಮನೆಗೆ ಕರೆತಂದೆ. ಅವಳ ಬೆರಳುಗಳು ಐಸಿನಂತೆ ತಣ್ಣಗಿದ್ದವು.

ಮುಂದಿನ ವಾರ ಪಂಚರು ಡಂಗುರ ಸಾರಿಸಿದರು. ಜನರ ಅನುಕೂಲಕ್ಕಾಗಿ ಇನ್ನೂ ಸುಧಾರಿಸಿದ ಪಿಸ್ತೂಲು ಬಂದಿದೆ, ಬೇಕೆನಿಸಿದವರು ತಮ್ಮ ಹಗುರಿಯನ್ನು ಕೊಟ್ಟು ಬದಲಾಯಿಸಿಕೊಳ್ಳಬಹುದು ಎಂದು. ಬೇಕೆನಿಸಿದವರು. ಹಗುರಿ ಕೆಟ್ಟದ್ದು ಎಂಬ ಒಂದು ಶಬ್ದ ಅದರಲ್ಲಿ ಇರಲಿಲ್ಲ. ಕೈ ಕಟ್ಟಿದ್ದು ತಪ್ಪಾಯಿತು ಎಂದೂ ಇರಲಿಲ್ಲ. ಕಲ್ಮೇಶನ ಹೆಸರು ಇರಲಿಲ್ಲ. ಕೈ ಬಿಚ್ಚಿಕೊಂಡವರನ್ನು ಮತ್ತೆ ಕಟ್ಟಲು ಯಾರೂ ಬರಲಿಲ್ಲ, ಬಿಚ್ಚಿದ್ದು ಸರಿ ಎಂದು ಹೇಳಲೂ ಬರಲಿಲ್ಲ. ಗೋಡೆಯ ಮೇಲಿನ ಬರಹಕ್ಕೆ ಮಾತ್ರ ಹೊಸ ಬಣ್ಣ ಹೊಡೆಸಿದರು.

ನಾನು ಖಾನಾವಳಿಯ ಬಾಗಿಲಲ್ಲಿ ದನಗಳಿಗೆ ನೀರು ಕುಡಿಸುವ ಹಳೆಯ ಕಲ್ಲಿನ ದೋಣಿ ತರಿಸಿ ಇಟ್ಟೆ. ಸೊಂಟದ್ದನ್ನು ಅದರಲ್ಲಿಟ್ಟು ಒಳಗೆ ಬನ್ನಿ, ಇಲ್ಲದಿದ್ದರೆ ಬರಬೇಡಿ ಎಂದೆ. ಹಳೆಯ ಗಿರಾಕಿಗಳು ಎಷ್ಟೋ ಜನ ಬೈದು ಹೋದರು. ಬಂದವರಿಗೆ ಮೊದಮೊದಲು ಎಲ್ಲಿ ಕೂರಬೇಕೆಂದೇ ತಿಳಿಯುತ್ತಿರಲಿಲ್ಲ. ಪಕ್ಕ ಪಕ್ಕ ಕೂತರೆ ಭುಜಕ್ಕೆ ಭುಜ ತಾಗುತ್ತಿತ್ತು, ನಾಚಿಕೊಂಡು ದೂರ ಸರಿಯುತ್ತಿದ್ದರು. ರೊಟ್ಟಿಯನ್ನು ನಾನೇ ಬಡಿಯುತ್ತಿದ್ದೆ. ದಪ್ಪವಾಗುತ್ತಿತ್ತು, ಅಂಚು ಸೀಳುತ್ತಿತ್ತು, ಯಾರೂ ತಕರಾರು ಮಾಡಲಿಲ್ಲ. ತಕರಾರು ಮಾಡುವವನು ಇರಲಿಲ್ಲ.

ಕೆಲವು ದಿನಗಳ ಮೇಲೆ, ಮಧ್ಯಾಹ್ನದ ಊಟ ಮುಗಿದು ಮುಸುರೆ ತೊಳೆಯುವ ಹೊತ್ತಿಗೆ, ಕಾರಕೂನ ಗುರುಪಾದ ಬಂದ. ಒಂದು ಕೈಯಲ್ಲಿ ದಾಕ್ಷಾಯಣಿಗೆಂದು ಹೊಸ ಪಿಸ್ತೂಲಿನ ಪೆಟ್ಟಿಗೆ, ಇನ್ನೊಂದರಲ್ಲಿ ಪೇಢೆಯ ಪೊಟ್ಟಣ. ಪೇಢೆ ಕಂಡು ನನ್ನ ಮೈಯೆಲ್ಲ ಉರಿಯಿತು. ಸಾವಾದ ಮನೆಗೆ ಸಿಹಿ ತರುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳಬೇಕೆಂದುಕೊಂಡೆ. ಅವನು ನನಗೆ ಬಾಯಿ ತೆರೆಯಲು ಬಿಡಲಿಲ್ಲ, ಕಂಠಪಾಠ ಮಾಡಿಕೊಂಡು ಬಂದವನ ಹಾಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಪಂಚರಿಗೆ ಬಹಳ ದುಃಖವಾಗಿದೆ. ಕೈಕಟ್ಟಿನ ಮಾತು ಇನ್ನು ಎತ್ತುವುದಿಲ್ಲ. ಸೊಸೆಯದು ತಪ್ಪೆಂದೂ ಅನ್ನುವುದಿಲ್ಲ, ಪಿಸ್ತೂಲಿನದು ತಪ್ಪೆಂದೂ ಅನ್ನುವುದಿಲ್ಲ. ಬರುವ ಸಂತೆಯಲ್ಲಿ ನೀವಿಬ್ಬರೂ ಕಟ್ಟೆಯ ಮೇಲೆ ನಿಂತು ಒಂದೇ ಒಂದು ಮಾತು ಹೇಳಿದರೆ ಸಾಕು, ಅದು ಅವನ ಹಣೆಬರಹ ಎಂದು. ಅಲ್ಲಿಗೆ ಎಲ್ಲರಿಗೂ ನೆಮ್ಮದಿ.

ಎಷ್ಟು ಸಿಟ್ಟು ಬಂದಿತ್ತೆಂದರೆ ನಾಲಿಗೆಗೆ ಬೈಗುಳವೂ ಸಿಗಲಿಲ್ಲ. ಮೂಲೆಯಲ್ಲಿ ತೊಗರಿಬೇಳೆಯ ಹರಳು ಆರಿಸುತ್ತಿದ್ದ ದಾಕ್ಷಾಯಣಿ ಮೊರವನ್ನು ಕೆಳಗಿಟ್ಟು ಎದ್ದಳು. ಅಷ್ಟು ದಿನ ಹೊರಗಿನವರ ಮುಂದೆ ಅವಳ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಗುರುಪಾದನ ಎದುರಿಗೆ, ಅವನ ಬಲಗಡೆಗೇ ಬಂದು ನಿಂತಳು.

“ಹಣೆಬಾರ ಬರಿಯಾಂವ ಬ್ರಹ್ಮ ಅಂತಾರ, ಇರ್ಲಿ” ಎಂದಳು. “ಇದನ್ನ ಮಾಡಿದಾಂವ ಬ್ರಹ್ಮ ಅಲ್ಲಲ್ರಿ. ಇದು ತಾನ ಹಾರ್ತೈತಿ ಅಂತ ಗೊತ್ತಿದ್ದೂ ನನ್ನ ಸೊಂಟಕ್ಕ ಕಟ್ಟಿಸಿದಾಂವನೂ ಬ್ರಹ್ಮ ಅಲ್ಲ. ಅವರ ಹೆಸರ ಹೇಳ್ರಿ.”

ಗುರುಪಾದ ತನಗೆ ಅದೆಲ್ಲ ಗೊತ್ತಿಲ್ಲ, ತಾನು ಬರೀ ಕಾರಕೂನ ಎಂದ.

“ಗೊತ್ತಿಲ್ಲಂದ್ರ ಕೇಳ್ಕೊಂಡ ಬರ್ರಿ. ಹೆಸರ ತಗೊಂಡ ಬರ್ರಿ, ಆಮ್ಯಾಲ ಹಣೆಬಾರದ ಮಾತು. ನನ್ನ ಗಂಡಗ ಹೆಸರಿತ್ತು. ಅವನ್ನ ಕೊಂದವರಿಗೂ ಇರಬೇಕು.”

ಅವಳು ಕೂಗಲಿಲ್ಲ. ಆದರೆ ಮೂಗಿನ ಹೊಳ್ಳೆಗಳು ಅದುರುತ್ತಿದ್ದವು, ಕಿವಿಯ ತನಕ ಮುಖ ಕೆಂಪೇರಿತ್ತು. ಗುರುಪಾದ ಪೆಟ್ಟಿಗೆಯನ್ನೂ ಪೊಟ್ಟಣವನ್ನೂ ಎತ್ತಿಕೊಂಡು, ಚಪ್ಪಲಿ ಹುಡುಕುವಾಗ ಎರಡು ಸಲ ಎಡವಿ ಹೊರಟುಹೋದ. ಮಣ್ಣಿನ ಗೊಂಬೆಯ ಹಾಗೆ ಮೂಲೆ ಹಿಡಿದಿದ್ದ ನನ್ನ ಸೊಸೆಗೆ ಸಿಟ್ಟು ಬಂದಿತ್ತು. ಅದು ತನ್ನ ಬೆರಳಿನ ಮೇಲೆ ಅಲ್ಲ, ಬರಬೇಕಾದವರ ಮೇಲೆಯೇ ಬಂದಿತ್ತು. ಮಗ ಸತ್ತ ಮೇಲೆ ನನಗೆ ಅಳು ಬಂದದ್ದು ಆಗ.

ಈಗ ಸಂತೆಯ ದಿನಗಳಲ್ಲಿ ಖಾನಾವಳಿಯ ಬಾಗಿಲು ಹಾಕಿ ನಾವಿಬ್ಬರೂ ಚಾವಡಿಯ ಮೆಟ್ಟಿಲ ಮೇಲೆ ಹೋಗಿ ಕೂರುತ್ತೇವೆ. ಮೀರಾಸಾಬ ಬರುತ್ತಾನೆ, ಟಪಾಲಿನವನು ಬರುತ್ತಾನೆ, ಒಮ್ಮೊಮ್ಮೆ ನಮಗೆ ಗುರುತಿಲ್ಲದವರೂ ಬಂದು ಕೂರುತ್ತಾರೆ. ಒಳಗೆ ಹೋಗುವ ಪ್ರತಿಯೊಬ್ಬ ಪಂಚನನ್ನೂ ದಾಕ್ಷಾಯಣಿ, ಹಗುರಿ ಮಾಡಿದವರ ಹೆಸರು, ಗೊತ್ತಿದ್ದೂ ಅದನ್ನು ಕಟ್ಟಿಸಿದವರ ಹೆಸರು ಕೇಳುತ್ತಾಳೆ. ಅವರು ಸೆರಗು ತಾಗದ ಹಾಗೆ ಪಂಚೆ ಎತ್ತಿಕೊಂಡು ಪಕ್ಕದಿಂದ ಹತ್ತಿಹೋಗುತ್ತಾರೆ. ಹೆಸರು ಇನ್ನೂ ಬಂದಿಲ್ಲ. ಅವಳೂ ಕೇಳುವುದನ್ನು ಬಿಟ್ಟಿಲ್ಲ.